ಅಕ್ಕನ ಹೆಸರು, ತಂಗಿಯ ಖಾತೆ

2023ರ ಜನವರಿ 11. ಬ್ರೆಸಿಲಿಯಾದ ಅಧ್ಯಕ್ಷರ ಕಚೇರಿ. ಮೂರೇ ದಿನದ ಹಿಂದೆ ಗಲಭೆಕೋರರು ನುಗ್ಗಿ ಗಾಜು ಪುಡಿಗಟ್ಟಿದ್ದ ಕಟ್ಟಡ. ಅಲ್ಲೇ ಒಬ್ಬ ಕಪ್ಪು ಹೆಣ್ಣುಮಗಳು ಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಹೆಸರು ಅನಿಯೆಲಿ ಫ್ರಾಂಕೊ. ಖಾತೆ? ಜನಾಂಗೀಯ ಸಮಾನತೆ. ಹೌದು, ಬ್ರೆಜಿಲ್‌ನಲ್ಲಿ ಅದಕ್ಕೇ ಒಂದು ಇಲಾಖೆ ಇದೆ.

ಹುಟ್ಟಿದ್ದು 1984ರಲ್ಲಿ, ರಿಯೊ ಡಿ ಜನೈರೊದ ಮಾರೆ ಕೊಳೆಗೇರಿಯಲ್ಲಿ. ಕೈ ಹಿಡಿದದ್ದು ವಾಲಿಬಾಲ್. ಆಟದ ಸ್ಕಾಲರ್‌ಶಿಪ್ ಮೇಲೆ ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ ಪತ್ರಿಕೋದ್ಯಮ, ಇಂಗ್ಲಿಷ್ ಓದಿದರು.

ರಾಜಕೀಯಕ್ಕಿಳಿದಿದ್ದು ಅಕ್ಕ, ನಗರಸಭೆ ಸದಸ್ಯೆ ಮರಿಯೆಲಿ. 2018ರ ಮಾರ್ಚ್ 14ರ ರಾತ್ರಿ ಸಭೆ ಮುಗಿಸಿ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಬಂದ ಕಾರಿನಿಂದ ಗುಂಡು. ಅವರೂ ಹೋದರು, ಡ್ರೈವರ್ ಆಂಡರ್ಸನ್ ಗೋಮೆಸ್ ಕೂಡ. ಹಂತಕರಿಗೆ ಶಿಕ್ಷೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಆರೂವರೆ ವರ್ಷ! ಅಷ್ಟರಲ್ಲಿ ತಂಗಿ ಅಕ್ಕನ ಹೆಸರಲ್ಲಿ ಸಂಸ್ಥೆ ಕಟ್ಟಿ, ಮಂತ್ರಿಯೂ ಆಗಿದ್ದರು.

ಪ್ರಮಾಣವಚನದ ದಿನವೇ ಹೊಸ ಕಾನೂನಿಗೆ ಅಧ್ಯಕ್ಷ ಲೂಲಾ ಅವರ ಸಹಿ ಬಿತ್ತು: ಬಣ್ಣ ಹಿಡಿದು ಒಬ್ಬರನ್ನು ಬೈದರೂ ಅದು ವರ್ಣಭೇದದ ಅಪರಾಧವೇ. ಮೀಸಲಾತಿ ಅಂದರೆ ನಮ್ಮ ಕಿವಿ ನೆಟ್ಟಗಾಗುತ್ತಲ್ಲ? ಕೇಳಿ: ಕೇಂದ್ರ ಸರ್ಕಾರಿ ನೇಮಕಾತಿಯಲ್ಲಿ 20 ಪರ್ಸೆಂಟ್ ಇದ್ದದ್ದು 2025ರಲ್ಲಿ 30 ಆಯಿತು. ಕಪ್ಪು ಜನರ ಜೊತೆ ಮೂಲನಿವಾಸಿಗಳೂ ಸೇರಿದರು, ಗುಲಾಮಗಿರಿಯಿಂದ ಓಡಿಹೋಗಿ ಊರು ಕಟ್ಟಿಕೊಂಡವರ ವಂಶಸ್ಥರೂ.