ಕೇಳುವುದೂ ಒಂದು ಸಂಸ್ಕಾರ

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬ ಮುಗಿದು ಎರಡು ವಾರಗಳಾಗಿದ್ದವು. ರಾಮತೀರ್ಥ ನಗರದ ನಮ್ಮ ಕುಟುಂಬಗಳು ಪರಸ್ಪರ ಸುದ್ದಿ ತಿಳಿಸಿಕೊಳ್ಳಲೆಂದು ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ಹತ್ತೂವರೆಗೆ ಯುವಕನೊಬ್ಬನ ಪ್ರಶ್ನೆ ಕಾಣಿಸಿಕೊಂಡಿತು: "ಹಬ್ಬದ ದುಡ್ಡು ಎಲ್ಲಿ ಹೋಯಿತು?" ನಾಲ್ಕೇ ಪದಗಳು. ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಇನ್ನೂ ಹಲವರ ಮಾತುಗಳು ಸೇರಿಕೊಂಡಿದ್ದವು. ಲೆಕ್ಕ ನೋಡಿಕೊಂಡಿದ್ದವರು ನಿವೃತ್ತ ಶಿಕ್ಷಕರಾದ ಹಿರಿಯರೊಬ್ಬರು. ಮುಂಜಾನೆಯ ಬಲಿಪೂಜೆಯಾದ ಮೇಲೆ ಅವರು ರಸೀದಿಗಳ ಕಡತವನ್ನು ನಮ್ಮ ಮೇಜಿನ ಮೇಲಿಟ್ಟು, "ಫಾದರ್, ಲೆಕ್ಕ ಎಲ್ಲಾ ಇದರಾಗ ಐತ್ರಿ. ಇನ್ನ ಮುಂದ ಈ ಕೆಲಸ ನನಗ ಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಟುಹೋದರು. ಕೂತು ನೋಡಿದೆವು. ಒಂದು ರೂಪಾಯಿಯೂ ಹೆಚ್ಚು ಕಡಿಮೆಯಾಗಿರಲಿಲ್ಲ.

ಹಾಗಾದರೆ ಯುವಕನು ಕೇಳಿದ್ದು ತಪ್ಪೇ? ಅಲ್ಲವೇ ಅಲ್ಲ. ಸಮುದಾಯದ ಹಣದ ಲೆಕ್ಕವನ್ನು ಕೇಳುವುದು ಸಮುದಾಯದ ಹಕ್ಕು. ತಪ್ಪಿದ್ದುದು ಪ್ರಶ್ನೆಯ ಒಡಲಲ್ಲಿ. "ಲೆಕ್ಕವನ್ನು ಯಾವಾಗ ನೋಡಬಹುದು?" ಎಂಬುದು ಪ್ರಶ್ನೆ. "ದುಡ್ಡು ಎಲ್ಲಿ ಹೋಯಿತು?" ಎಂಬುದು ಪ್ರಶ್ನೆಯ ವೇಷ ತೊಟ್ಟ ತೀರ್ಪು. ಮೊದಲನೆಯದು ಉತ್ತರವನ್ನು ಬೇಡುತ್ತದೆ. ಎರಡನೆಯದು ಉತ್ತರ ಬರುವ ಮೊದಲೇ ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಪ್ರಿಯ ಓದುಗರೇ, ಪ್ರಶ್ನೆ ಕೇಳುವುದನ್ನು ಶುಭಸಂದೇಶವು ಎಲ್ಲಿಯೂ ಹಳಿದಿಲ್ಲ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಇದ್ದುದನ್ನು ಸಂತ ಲೂಕನು ವರ್ಣಿಸುವ ಕ್ರಮವನ್ನು ಗಮನಿಸಿರಿ. ಮೊದಲು ಕುಳಿತಿರುವುದು, ಬಳಿಕ ಆಲಿಸುವುದು, ಆಮೇಲೆ ಪ್ರಶ್ನಿಸುವುದು. ನಾವಾದರೋ ಅನೇಕ ಸಲ ನಿಂತ ಕಾಲಲ್ಲೇ ಕೇಳುತ್ತೇವೆ. ಆಲಿಸುವ ಕೆಲಸವನ್ನು ಕೊನೆಗೆ ಉಳಿಸಿಕೊಂಡು, ಅದನ್ನೂ ಮರೆಯುತ್ತೇವೆ.

ಸವಿಮಾತು ಸೇರಿಸಿದೊಡನೆ ಸೌಜನ್ಯ ಬಂತೆಂದು ಭಾವಿಸಬೇಕಾಗಿಲ್ಲ. ಚಕ್ರವರ್ತಿಗೆ ತೆರಿಗೆ ಕೊಡುವುದು ಸರಿಯೇ ಎಂದು ಯೇಸುಸ್ವಾಮಿಯನ್ನು ಕೇಳಿದವರು ಆತನನ್ನು ಹೊಗಳಿಯೇ ಮಾತು ಆರಂಭಿಸಿದ್ದರು. ಆದರೆ ಅವರಿಗೆ ಬೇಕಿದ್ದುದು ಉತ್ತರವಲ್ಲ, ಆತನು ಬಲೆಗೆ ಬೀಳುವುದು. ಸೌಜನ್ಯದ ಮೂಲ ನಾಲಿಗೆಯಲ್ಲಿಲ್ಲ, ಉದ್ದೇಶದಲ್ಲಿದೆ. 'ನಾನು ತಿಳಿಯಬಯಸುತ್ತೇನೆಯೋ, ಇನ್ನೊಬ್ಬರನ್ನು ತಗ್ಗಿಸಬಯಸುತ್ತೇನೆಯೋ?' ಎಂಬ ಆತ್ಮಶೋಧನೆಯೇ ಅದರ ಮೊದಲ ಮೆಟ್ಟಿಲು.

ನಮ್ಮ ನಾಡಿನ ಪುರಾತನ ಚಿಂತನೆಯೂ ಇದನ್ನು ಬಲ್ಲದು. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಕೈಯಲ್ಲಿ ಸಮಿತ್ತುಗಳನ್ನು ಹಿಡಿದು ಪಿಪ್ಪಲಾದ ಮುನಿಯ ಬಳಿಗೆ ಬರುತ್ತಾರೆ. ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿ ವಾಸಿಸಿ, ಆಮೇಲೆ ಕೇಳಿರಿ ಎಂದು ಮುನಿ ಹೇಳುತ್ತಾನೆ. ತನಗೆ ತಿಳಿದಿದ್ದರೆ ಹೇಳುವೆನೆಂದೂ ಸೇರಿಸುತ್ತಾನೆ. ಕೇಳುವವನ ತಾಳ್ಮೆ, ಹೇಳುವವನ ವಿನಯ ಎರಡೂ ಅಲ್ಲಿ ಒಟ್ಟಿಗಿವೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ ಥಿಯೊಲೊಜಿಯೆ'ಯನ್ನು ಇಡಿಯಾಗಿ ಪ್ರಶ್ನೆಗಳ ರೂಪದಲ್ಲೇ ರಚಿಸಿದರು. ದೇವರು ಇದ್ದಾರೆಯೇ ಎಂಬ ಪ್ರಶ್ನೆಯನ್ನೂ ಅವರು ತಳ್ಳಿಹಾಕಲಿಲ್ಲ. ಇಲ್ಲವೆನ್ನುವವರ ವಾದವನ್ನು ಮೊದಲು ಯಥಾವತ್ತಾಗಿ ಮುಂದಿಟ್ಟು, ಬಳಿಕವೇ ತಮ್ಮ ಉತ್ತರವನ್ನು ಕೊಟ್ಟರು. ಎದುರಾಳಿಯ ಮಾತನ್ನು ತಿರುಚದಿರುವುದು ಗೌರವದ ಅತ್ಯುನ್ನತ ರೂಪ.

ಲೌಕಿಕ ಕಾನೂನಿನಲ್ಲೂ ಕಲಿಯುವುದಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಅರ್ಜಿದಾರನು ಮಾಹಿತಿ ಏಕೆ ಬೇಕೆಂಬ ಕಾರಣವನ್ನು ಹೇಳಬೇಕಾಗಿಲ್ಲ; ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಆದರೆ ಕರ್ನಾಟಕದ ನಿಯಮವು ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ, ಅದು ಸಾಮಾನ್ಯವಾಗಿ 150 ಪದಗಳನ್ನು ಮೀರದಿರಲಿ ಎನ್ನುತ್ತದೆ. ಬರೆಯಲಾರದವನು ಬಾಯಿಮಾತಿನಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಅಧಿನಿಯಮವು ವಿಧಿಸುತ್ತದೆ. ಹಕ್ಕಿಗೂ ಒಂದು ರೀತಿಯುಂಟು, ಅಧಿಕಾರಕ್ಕೂ ಒಂದು ಬಾಧ್ಯತೆಯುಂಟು.

ಬೆಳಗಾವಿ, ಖಾನಾಪುರಗಳ ನಮ್ಮ ಮನೆಗಳಲ್ಲಿ ಕನ್ನಡ, ಕೊಂಕಣಿ, ಮರಾಠಿಗಳು ಒಂದೇ ಜಗಲಿಯಲ್ಲಿ ಕೂತು ಮಾತಾಡುತ್ತವೆ. ನಮ್ಮ ಸೀಮೆಯ ಕನ್ನಡಕ್ಕಂತೂ 'ರೀ' ಎಂಬ ಒಂದಕ್ಷರದ ಆಭರಣವಿದೆ. 'ಯಾಕ?' ಎಂಬುದು 'ಯಾಕ್ರೀ?' ಆದಾಗ ಪ್ರಶ್ನೆಯ ಮೊನೆ ಮೊಂಡಾಗುತ್ತದೆ, ತೂಕ ಕಡಿಮೆಯಾಗುವುದಿಲ್ಲ. ಅವಸರದಲ್ಲಿ ಬೆರಳು ಒತ್ತುವಾಗ ಮೊದಲು ಉದುರಿಹೋಗುವುದೇ ಈ ಅಕ್ಷರ. ಕಣ್ಣು, ಮುಗುಳ್ನಗೆ, ದನಿ ಯಾವುದೂ ಬರಹದೊಡನೆ ಹೋಗುವುದಿಲ್ಲ. ಆದುದರಿಂದ ಕೆಲವು ನಿಯಮಗಳನ್ನು ನಾವೇ ಹಾಕಿಕೊಳ್ಳೋಣ. ಉತ್ತರ ಈಗಾಗಲೇ ನಮ್ಮ ಕೈಯಲ್ಲಿದೆಯೇ ಎಂದು ನೋಡೋಣ. ಒಬ್ಬರಿಗೆ ಸಂಬಂಧಿಸಿದ್ದನ್ನು ಮೊದಲು ಅವರೊಬ್ಬರನ್ನೇ ಕೇಳೋಣ. ತಪ್ಪು ಮಾಡಿದ ಸಹೋದರನೊಡನೆ ಮೊದಲು ಏಕಾಂತದಲ್ಲಿ ಮಾತಾಡಬೇಕೆಂಬುದು ಸಂತ ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದ ಬೋಧನೆಯೇ ಅಲ್ಲವೇ? ಉತ್ತರಕ್ಕೆ ಕಾಲಾವಕಾಶ ಕೊಡೋಣ. ಉತ್ತರ ದೊರೆತಾಗ, ಎಲ್ಲಿ ಕೇಳಿದೆವೋ ಅಲ್ಲಿಯೇ ಕೃತಜ್ಞತೆ ಹೇಳೋಣ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಹಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಯಲ್ಲಿ ಬಾಲಕಿಯೊಬ್ಬಳು ಎದ್ದು ನಿಂತು, "ಫಾದರ್, ಅಜ್ಜಿ ಉಳೀಲಿ ಅಂತ ಅಷ್ಟು ಪ್ರಾರ್ಥನಾ ಮಾಡಿದ್ವಿ, ದೇವರು ಯಾಕ ಕೇಳಲಿಲ್ಲರೀ?" ಎಂದಳು. ಗೌರವಕ್ಕೆ ಅಲ್ಲಿ ಏನೂ ಕೊರತೆಯಿರಲಿಲ್ಲ. ಅವಸರದಲ್ಲಿದ್ದ ನಾವು, "ಅಂಥ ಪ್ರಶ್ನೆ ಕೇಳಬಾರದು" ಎಂದು ಕೂರಿಸಿಬಿಟ್ಟೆವು. ಆ ವರ್ಷವಿಡೀ ಅವಳು ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ತತ್ತ್ವಶಾಸ್ತ್ರವನ್ನು ಓದಿದ್ದ ನಮಗೆ ಅಂದು ಮಗುವಿನ ದುಃಖವನ್ನು ಓದಲಾಗಲಿಲ್ಲ. ಕೇಳುವವರಿಂದ ವಿನಯವನ್ನು ಬಯಸುವ ಗುರುಗಳು, ತಂದೆತಾಯಿಗಳು, ಶಿಕ್ಷಕರು ಮೊದಲು ತಮ್ಮ ಕಿವಿಗಳನ್ನು ಪರೀಕ್ಷಿಸಿಕೊಳ್ಳಬೇಕು. ಮನೆಯಲ್ಲಿ ಕೇಳಲು ಬಿಡದ ಮಗು ಮುಂದೆ ಬೀದಿಯಲ್ಲಿ ಕೂಗಿ ಕೇಳುತ್ತದೆ.

2023 ಮತ್ತು 2024ರ ಅಕ್ಟೋಬರ್ ತಿಂಗಳುಗಳಲ್ಲಿ ರೋಮಿನಲ್ಲಿ ನಡೆದ ಸಿನೊಡ್ ಸಭೆಗಳಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ದುಂಡುಮೇಜುಗಳ ಸುತ್ತ ಒಟ್ಟಿಗೆ ಕುಳಿತಿದ್ದರು. ಸರದಿಯಂತೆ ಒಬ್ಬೊಬ್ಬರೂ ಮಾತನಾಡುವುದು, ನಡುವೆ ಮೌನಪ್ರಾರ್ಥನೆ, ಬಳಿಕ ಇತರರ ಮಾತಿನಲ್ಲಿ ತಮ್ಮ ಮನ ಮುಟ್ಟಿದ್ದನ್ನು ಹೇಳುವುದು ಅಲ್ಲಿಯ ಪದ್ಧತಿಯಾಗಿತ್ತು. 2022ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸರು ಹೃದಯದ ಕಿವಿಯಿಂದ ಆಲಿಸುವುದನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. ನಮ್ಮ ವಾರ್ಡಿನ ಪ್ರಾರ್ಥನಾಕೂಟಕ್ಕೆ ಈ ಪದ್ಧತಿ ಭಾರವಾಗಲಾರದು.

ಆ ಯುವಕನ ಮಾತನ್ನು ಹೇಳಿ ಮುಗಿಸುತ್ತೇವೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸಂಜೆ ಅವನು ತಾನಾಗಿಯೇ ಆ ಹಿರಿಯರ ಮನೆಗೆ ಹೋದನಂತೆ. ಕ್ಷಮೆ ಕೇಳಲು ಮಾತು ತೋಚದೆ, "ಸರ್, ಲೆಕ್ಕ ಹೆಂಗ ಬರೀತಾರ, ನನಗ ಕಲಿಸ್ತೀರೇನ್ರೀ?" ಎಂದನಂತೆ. ಹಿರಿಯರು ಜವಾಬ್ದಾರಿಗೆ ಮರಳಿ ಬಂದಿಲ್ಲ. ಗಾಯ ಮಾಯಲು ಸಮಯ ಬೇಕು. ಆದರೆ ಈ ವರ್ಷದ ಹಬ್ಬದ ಲೆಕ್ಕವನ್ನು ಆ ಯುವಕನೇ ಬರೆಯುತ್ತಿದ್ದಾನೆ, ಅವರು ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ. ದೇವಾಲಯದಲ್ಲಿ ಕುಳಿತು, ಆಲಿಸಿ, ಪ್ರಶ್ನಿಸಿದ ಬಾಲಯೇಸು ನಮ್ಮ ಮಕ್ಕಳಿಗೆ ಕೇಳುವ ಧೈರ್ಯವನ್ನೂ, ಹಿರಿಯರಾದ ನಮಗೆ ಆಲಿಸುವ ತಾಳ್ಮೆಯನ್ನೂ ಕರುಣಿಸಲಿ.