ಕುಣಿತ ನೋಡುವವರಿಗೂ ಮೈಯಿದೆ

ಮಾದಿಹಳ್ಳಿ ಹೋಬಳಿಯಲ್ಲಿ ನೆಲೆಸಿ ಬ್ಯಾಲೆ ಎಂದರೆ ಪ್ರಾಣ ಬಿಡುವವರು ಹೆಚ್ಚಿಲ್ಲ. ನಾನು ಅಂಥವಳು. ಮೊಬೈಲಿನಲ್ಲಿ ರಷ್ಯದವರ 'ಸ್ವಾನ್ ಲೇಕ್' ನೋಡುತ್ತೇನೆ, ಜಾತ್ರೆಯ ವೀರಗಾಸೆಯನ್ನು ತಪ್ಪಿಸುವುದಿಲ್ಲ, ಬಿಡುವಾದಾಗ ಬೇಲೂರಿನ ಗುಡಿಯ ಜಗಲಿ ಸುತ್ತುತ್ತೇನೆ, ನೃತ್ಯದ ಬಗ್ಗೆ ಕೈಗೆ ಸಿಕ್ಕಿದ ಪುಸ್ತಕ ಓದುತ್ತೇನೆ, ಬೆಳಗಾದರೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ. ನೋಡುವುದು, ಓದುವುದು, ಮೈ ಆಡಿಸುವುದು ಬೇರೆಬೇರೆ ಹವ್ಯಾಸ ಎಂದು ನನಗೆ ಅನ್ನಿಸಿದ್ದೇ ಇಲ್ಲ. ಒಂದನ್ನು ಬಿಟ್ಟರೆ ಉಳಿದೆರಡೂ ಸೊರಗುತ್ತವೆ. ಆದರೆ ಈ ಮಾತು ಎತ್ತಿದಲ್ಲೆಲ್ಲ ಅದೇ ಹಳೆಯ ತಪ್ಪು ತಿಳಿವಳಿಕೆಗಳು ಎದುರಾಗುತ್ತವೆ. ಅವುಗಳಲ್ಲಿ ಕೆಲವನ್ನಾದರೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ತಪ್ಪು ಕಲ್ಪನೆ: ಬ್ಯಾಲೆ ಪರದೇಶದ್ದು, ನಮಗೂ ಅದಕ್ಕೂ ಏನೂ ನಂಟಿಲ್ಲ.

ವಾಸ್ತವ: ನಂಟು ನೂರು ವರ್ಷದಷ್ಟು ಹಳೆಯದು. 1923ರಲ್ಲಿ ಲಂಡನ್ನಿನಲ್ಲಿ ರಷ್ಯದ ಅನ್ನಾ ಪಾವ್ಲೋವಾ ರಾಧೆಯಾದಾಗ ಎದುರಿಗೆ ಕೃಷ್ಣನಾಗಿ ನಿಂತವರು ಉದಯ ಶಂಕರ್. ಅದೇ ಪಾವ್ಲೋವಾ ಅವರ ಸಹವಾಸದಿಂದ ರುಕ್ಮಿಣಿ ದೇವಿ ಮೊದಲು ಬ್ಯಾಲೆ ಕಲಿತರು, ಆಮೇಲೆ ಭರತನಾಟ್ಯಕ್ಕೆ ತಿರುಗಿ 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು.

ಇದರಲ್ಲಿ ಕನ್ನಡ ನೆಲದ ಪಾಲೂ ದೊಡ್ಡದು. ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ರಂಗದ ಮೇಲೆ ಕುಣಿದು ಅಲ್ಲಿನ ಬ್ಯಾಲೆ ಪ್ರೇಕ್ಷಕರನ್ನು ಗೆದ್ದರು. 1960ರಲ್ಲಿ ಇಂಗ್ಲೆಂಡಿನ ಹೆಸರಾಂತ ಬ್ಯಾಲೆ ನರ್ತಕಿ ಅಲಿಷಿಯಾ ಮಾರ್ಕೋವಾ ಅವರೊಡನೆ 'ರಾಧಾ-ಕೃಷ್ಣ' ಮಾಡಿದರು. ಮಲ್ಲೇಶ್ವರದ ಮಾಯಾ ರಾವ್ ಕಥಕ್ ಕಲಿತ ಮೇಲೆ ಮಾಸ್ಕೋಗೆ ಹೋಗಿ, ನೃತ್ಯ ಸಂಯೋಜನೆಯನ್ನೇ ಒಂದು ವಿದ್ಯೆಯಾಗಿ ಓದಿ ಬಂದರು. ಆ ವಿದ್ಯೆಯನ್ನು ಕಲಿಸಲು ದೆಹಲಿಯಲ್ಲಿ ಶಾಲೆ ತೆರೆದು, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಅವರ ಸಂಯೋಜನೆಗಳಲ್ಲಿ ಒಂದರ ಹೆಸರು 'ಹೊಯ್ಸಳ ವೈಭವ'. ನಮ್ಮ ಸೀಮೆಯ ಕಲ್ಲುಗಳ ಕಥೆ ಮಾಸ್ಕೋದಲ್ಲಿ ಕಲಿತ ಕೈಯಿಂದ ರಂಗಕ್ಕೆ ಬಂತು.

ಇನ್ನು ಶಿವರಾಮ ಕಾರಂತರು. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಮುಂದೆ 'ಯಕ್ಷಗಾನ ಬ್ಯಾಲೆ' ಎಂದೇ ಹೆಸರಿಟ್ಟು ಪ್ರಯೋಗಗಳನ್ನು ಮಾಡಿದರು. ಪಾತ್ರಧಾರಿಗಳ ಮಾತು ತೆಗೆದರು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು, ಕಥೆಯನ್ನು ಮೈಯೇ ಹೇಳಬೇಕು ಎಂದರು. ಅರಸೀಕೆರೆ, ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನ ನೋಡಿದವರಿಗೆ ಬೆಳ್ಳಂಬೆಳಗಿನವರೆಗೂ ಸಾಗುವ ಮಾತಿನ ವರಸೆಯ ರುಚಿ ಗೊತ್ತು. ಹಾಗಾಗಿ ಮಾತು ಹೋದದ್ದು ನನಗೆ ಕೊರತೆಯೇ. ಆದರೂ ಕನ್ನಡ ಬಾರದವರ ಮುಂದೆ ನಿಂತಾಗ ಕಾರಂತರ ದಾರಿಯೇ ಸರಿ.

ತಪ್ಪು ಕಲ್ಪನೆ: ಬೇಲೂರಿನ ಮದನಿಕೆಯರೆಲ್ಲ ಕುಣಿಯುತ್ತಿದ್ದಾರೆ, ಎಲ್ಲರೂ ಶಾಂತಲೆಯ ಪ್ರತಿರೂಪ, ಕೆತ್ತಿದವನು ಜಕಣಾಚಾರಿ.

ವಾಸ್ತವ: ಒಂದೇ ಉಸಿರಿನಲ್ಲಿ ಮೂರು ತಪ್ಪು. ಒಂದೊಂದಾಗಿ ನೋಡೋಣ.

ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ ಆಯಿತು. ಮದನಿಕೆಯರು ಒಟ್ಟು 42: ಹೊರಗೆ 38, ಒಳಗೆ ನವರಂಗದಲ್ಲಿ 4. ಇವರಲ್ಲಿ ಕುಣಿಯುವವರು ಇದ್ದಾರೆ ನಿಜ, ಆದರೆ ಎಲ್ಲರೂ ಅಲ್ಲ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಒಬ್ಬಳು ಗಿಣಿಯೊಡನೆ ಮಾತಿಗಿಳಿದಿದ್ದಾಳೆ. ಒಬ್ಬಳು ಬೇಟೆಗೆ ಬಿಲ್ಲು ಹಿಡಿದಿದ್ದಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ವಾದ್ಯ ನುಡಿಸುವವರೂ ಇದ್ದಾರೆ. ಹಾಗಿದ್ದೂ ಎಲ್ಲರೂ ಕುಣಿಯುತ್ತಿರುವಂತೆ ಏಕೆ ಕಾಣುತ್ತದೆ? ಏಕೆಂದರೆ ಶಿಲ್ಪಿ ಎಲ್ಲರಿಗೂ ನರ್ತಕಿಯ ನಿಲುವು ಕೊಟ್ಟಿದ್ದಾನೆ. ಭಾರ ಒಂದೇ ಕಾಲಿನ ಮೇಲೆ, ಸೊಂಟ ಒಂದು ಕಡೆಗೆ, ಭುಜ ಅದರ ವಿರುದ್ಧ ಕಡೆಗೆ, ತಲೆ ಮತ್ತೆ ಮೊದಲಿನ ಕಡೆಗೆ: ತ್ರಿಭಂಗ. ಕನ್ನಡಿ ನೋಡುವುದರಂಥ ದಿನನಿತ್ಯದ ಕೆಲಸವೂ ಇಲ್ಲಿ ನೃತ್ಯವಾಗುತ್ತದೆ. ಬಳಪದ ಕಲ್ಲು ಉಳಿಗೆ ಸುಲಭವಾಗಿ ಮಣಿಯುವುದರಿಂದ ಬಳೆ, ಸರ, ಮುಂಗುರುಳಿನವರೆಗೂ ಈ ಚಲನೆ ಹರಿದಿದೆ.

ಬ್ಯಾಲೆಯನ್ನು ನೋಡಿ ಬಂದ ಕಣ್ಣಿಗೆ ಇಲ್ಲಿ ಒಂದು ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಬ್ಯಾಲೆಯ ಮೈ ನೆಲ ಬಿಟ್ಟು ಮೇಲೇಳಲು ಹಂಬಲಿಸುತ್ತದೆ, ಅದರ ಬೆನ್ನು ನೆಟ್ಟಗೆ. ನಮ್ಮ ಮೈ ನೆಲವನ್ನು ಒಪ್ಪಿಕೊಂಡು ಬಾಗುತ್ತದೆ. ಆದರೆ ತೊಡೆಯ ಸಂದಿನಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ, ಮಂಡಿಯನ್ನು ಪಾದದ ಬೆರಳುಗಳ ನೇರಕ್ಕೆ ಬಾಗಿಸುವ ನಿಯಮ ಎರಡರಲ್ಲೂ ಒಂದೇ. ಅವರು ಅದನ್ನು ಪ್ಲಿಯೇ ಎನ್ನುತ್ತಾರೆ, ನಾವು ಅರೆಮಂಡಿ ಎನ್ನುತ್ತೇವೆ.

ಇನ್ನು ಹೊಯ್ಸಳ ರಾಣಿ ಶಾಂತಲೆಯ ವಿಷಯ. ಆಕೆ ಹಾಡು, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂಬುದು ಕಟ್ಟುಕಥೆಯಲ್ಲ. 1123ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನವೇ ಆ ಗುಣಗಳನ್ನು ಹೊಗಳುತ್ತದೆ. ಆದರೆ ಮದನಿಕೆಯರಿಗೆ ಆಕೆಯೇ ಮಾದರಿ ಎನ್ನುವುದು ಜನರ ಬಾಯಿಂದ ಬಂದ ಮಾತು, ಶಾಸನದಿಂದ ಬಂದದ್ದಲ್ಲ. ಮದನಿಕೆಗಳ ಪೀಠದ ಬರಹಗಳಲ್ಲಿ ಸಿಗುವುದು ಶಿಲ್ಪಿಗಳ ಹೆಸರು, ಊರು, ಬಿರುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಲ್ಲಿ ಕೆಲಸ ಮಾಡಿದರೆಂದು ಗೊತ್ತಾಗುವುದು ಹಾಗೆ. ಜಕಣಾಚಾರಿ ಐತಿಹ್ಯದ ಮನುಷ್ಯ. ದಾಸೋಜ, ಚಾವಣರು ಕಲ್ಲಿನ ಮೇಲೆ ಸಹಿ ಹಾಕಿ ಹೋದವರು. ಆ ತಂದೆ ಮಗನ ಹೆಸರನ್ನು ಮರೆತು ಕಥೆಯನ್ನಷ್ಟೇ ಹೇಳುವುದು ಅವರಿಗೆ ಮಾಡುವ ಅನ್ಯಾಯ. ಈ ದೇವಾಲಯ ಹಳೇಬೀಡು, ಸೋಮನಾಥಪುರಗಳ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿ ಸೇರಿದೆ. ಈಗಲಾದರೂ ಊರವರಾದ ನಮ್ಮ ಬಾಯಲ್ಲಿ ಆ ಹೆಸರುಗಳು ಬರಬೇಕು.

ತಪ್ಪು ಕಲ್ಪನೆ: ಬ್ಯಾಲೆ ಎಂದರೆ ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ಕಸರತ್ತು.

ವಾಸ್ತವ: ಫ್ರಾನ್ಸಿನ ಅರಮನೆಯಲ್ಲಿ ಹದಿನಾಲ್ಕನೆಯ ಲೂಯಿ ದೊರೆ ತಾನೇ ಕುಣಿಯುತ್ತಿದ್ದ ಕಾಲದಲ್ಲಿ ಬೆರಳ ತುದಿಯ ನಿಲುವು ಇರಲೇ ಇಲ್ಲ. ಅದು ಹೆಸರು ಮಾಡಿದ್ದು 1832ರ 'ಲಾ ಸಿಲ್ಫೀಡ್'ನಲ್ಲಿ ಮರಿ ಟಾಲ್ಯೋನಿ ಕುಣಿದ ಮೇಲೆ. ನೋಡುವಾಗ ಬೆರಳನ್ನು ಬಿಟ್ಟು ಬೆನ್ನನ್ನು ನೋಡಿ. ಒಳ್ಳೆಯ ನರ್ತಕಿಯ ಗುಟ್ಟು ಅಲ್ಲಿದೆ.

ಗಂಡಸರಿಗೆ ಇದು ಸಲ್ಲದು ಎನ್ನುವವರಿಗೂ ಇಲ್ಲೇ ಉತ್ತರ. ಕುಣಿದ ದೊರೆಯೂ ಗಂಡಸು, ರಾಮ್ ಗೋಪಾಲರೂ ಗಂಡಸು, ನಮ್ಮ ವೀರಗಾಸೆಯವರು, ಸೋಮನ ಕುಣಿತದವರು, ಮೂಡಲಪಾಯದವರು ಯಾರು ಮತ್ತೆ?

ತಪ್ಪು ಕಲ್ಪನೆ: ದೊಡ್ಡ ಊರಿನ ಥಿಯೇಟರಿನಲ್ಲಿ ಕೂತು ನೋಡದಿದ್ದರೆ ಅದು ನೋಡಿದಂತಲ್ಲ.

ವಾಸ್ತವ: ಅರ್ಧ ಸತ್ಯ. ಎದುರಿಗೆ ಕುಣಿಯುವವರ ಉಸಿರು, ನೆಲಕ್ಕೆ ಪಾದ ಬಿದ್ದ ಸದ್ದು ಪರದೆಯ ಮೇಲೆ ಸಿಗುವುದಿಲ್ಲ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ನೃತ್ಯ ಕಾರ್ಯಕ್ರಮ ಇದೆಯೆಂದರೆ ಬಸ್ಸು ಹತ್ತಿ ಹೋಗಲೇಬೇಕು. 1990ರಲ್ಲಿ ಪ್ರೋತಿಮಾ ಗೌರಿ ಹೆಸರಘಟ್ಟದ ಬಳಿ ಕಟ್ಟಿದ ನೃತ್ಯಗ್ರಾಮವನ್ನು ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ. ಆದರೆ ಪರದೆಗೆ ತನ್ನದೇ ಒಂದು ಉಪಕಾರವಿದೆ: ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ನನ್ನ ರೂಢಿ ಹೀಗೆ. ಮೊದಲು ಕಥೆಗಾಗಿ ಪೂರ್ತಿ ನೋಡುವುದು. ಆಮೇಲೆ ಪಾದಗಳನ್ನು ಮಾತ್ರ. ಇನ್ನೊಮ್ಮೆ ಕುತ್ತಿಗೆ, ಭುಜ. ಕೊನೆಗೆ ಹಿಂದಿನ ಸಾಲಿನಲ್ಲಿ ನಿಂತವರನ್ನು. 'ಸ್ವಾನ್ ಲೇಕ್'ನ ಹಂಸಗಳ ಗುಂಪಿನಲ್ಲಿ ಒಬ್ಬಳು ಅಲುಗಾಡದೆ ನಿಲ್ಲುವುದಕ್ಕೆ ಬೇಕಾದ ಶಕ್ತಿ, ನಡುವೆ ತಿರುಗುವವಳ ಶಕ್ತಿಗಿಂತ ಕಡಿಮೆಯಲ್ಲ ಎಂದು ತಿಳಿದದ್ದು ಹಾಗೆ ನೋಡಿಯೇ.

ತಪ್ಪು ಕಲ್ಪನೆ: ನೃತ್ಯ ಕಣ್ಣಿನ ವಿಷಯ, ಪುಸ್ತಕದಿಂದ ಏನೂ ದಕ್ಕದು.

ವಾಸ್ತವ: ಓದದೆ ನೋಡಿದರೆ ಕಾಣುವುದು ಚೆಂದ ಮಾತ್ರ. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಯು.ಎಸ್. ಕೃಷ್ಣರಾವ್ ಭರತನಾಟ್ಯ ಕಲಿತು, ಪತ್ನಿ ಚಂದ್ರಭಾಗಾ ದೇವಿಯವರೊಡನೆ ಕುಣಿದರು, ಕಲಿಸಿದರು, ಆ ಕಲೆಯ ಪಾರಿಭಾಷಿಕ ಪದಗಳಿಗೊಂದು ನಿಘಂಟನ್ನೂ ಮಾಡಿದರು. ಡಿ.ವಿ.ಜಿ.ಯವರ 'ಅಂತಃಪುರ ಗೀತೆಗಳು' ಬೇಲೂರಿನ ಮದನಿಕೆಯರ ಮುಂದೆ ನಿಂತ ಕವಿಯ ಹಾಡುಗಳು. ಅವನ್ನು ಗಾಯಕರು ಹಾಡುತ್ತಾರೆ, ನರ್ತಕಿಯರು ಅಭಿನಯಿಸುತ್ತಾರೆ. ಕುಣಿತ ಕಲ್ಲಾಯಿತು, ಕಲ್ಲು ಹಾಡಾಯಿತು, ಹಾಡು ಮತ್ತೆ ಕುಣಿತವಾಯಿತು.

ಇವೆಲ್ಲಕ್ಕಿಂತ ನಾನು ಹೆಚ್ಚು ಹಚ್ಚಿಕೊಂಡ ಪುಸ್ತಕ ಕೆ.ವಿ. ಅಯ್ಯರ್ ಅವರ 'ಶಾಂತಲಾ'. ಬರೆದವರು ಯಾರೆಂದು ಗಮನಿಸಬೇಕು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರ, ಡಂಬೆಲ್ ಎರಡನ್ನೂ ಕಲಿಸಿ, ತಮ್ಮ ಮೈಕಟ್ಟಿನಿಂದ ಹೊರದೇಶದ ಪತ್ರಿಕೆಗಳಲ್ಲೂ ಹೆಸರಾದವರು ಅವರು. ಟಿ.ಪಿ. ಕೈಲಾಸಂ ಅವರ ಗೆಳೆಯ, ನಾಟಕದ ಮನುಷ್ಯ. ಮೈಯನ್ನು ಅಷ್ಟು ಬಲ್ಲವರು ಹೊಯ್ಸಳ ರಾಣಿಯೊಬ್ಬಳ ನೃತ್ಯ, ಸಂಸಾರ, ಸಾವನ್ನು ಬರೆಯಲು ಕೂತರು. ವ್ಯಾಯಾಮದವರಿಗೆ ಓದು ಬೇಡ, ಓದುವವರಿಗೆ ವ್ಯಾಯಾಮ ಬೇಡ ಎನ್ನುವ ಮಾತು ಅವರ ಮುಂದೆ ನಿಲ್ಲುವುದಿಲ್ಲ. ಇದೇ ರಾಣಿಯ ಮೇಲೆ ಸಿ.ಕೆ. ನಾಗರಾಜರಾವ್ ಬರೆದ ದೊಡ್ಡ ಕಾದಂಬರಿ 'ಪಟ್ಟಮಹಾದೇವಿ ಶಾಂತಲದೇವಿ'ಗೆ ಮೂರ್ತಿದೇವಿ ಪ್ರಶಸ್ತಿ ಬಂದಿತು. ಎರಡನ್ನೂ ಓದಿ, ಆದರೆ ಕಾದಂಬರಿಯನ್ನು ಇತಿಹಾಸ ಎಂದು ಹೇಳಬೇಡಿ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆನ್ನುವುದು ಶಾಸನದಿಂದ ತಿಳಿಯುತ್ತದೆ; ಆಗ ಆಕೆಯ ಮನಸ್ಸಿನಲ್ಲಿ ಏನಿತ್ತೆನ್ನುವುದು ಕಾದಂಬರಿಕಾರರ ಊಹೆ.

ತಪ್ಪು ಕಲ್ಪನೆ: ಹೊಲ-ಮನೆ ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಏಕೆ? ವಯಸ್ಸಾದವರಿಗಂತೂ ಕುಣಿತ ಹೇಳಿದ್ದೇ ಅಲ್ಲ.

ವಾಸ್ತವ: ರಾಗಿ ಕಳೆ ಕೀಳುವುದು, ಶುಂಠಿ ಕೀಳುವುದು, ಕೊಟ್ಟಿಗೆ ಗುಡಿಸುವುದು ಎಲ್ಲವೂ ಮುಂದಕ್ಕೆ ಬಾಗಿ ಮಾಡುವ ಕೆಲಸ. ದುಡಿಮೆ ಬೇಕಾದಷ್ಟಿದೆ, ಆದರೆ ಒಂದೇ ದಿಕ್ಕಿನದು. ಎದೆ ತೆರೆಯುವುದು, ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತುವುದು, ಒಂಟಿ ಕಾಲಿನಲ್ಲಿ ಸಮತೋಲ ಹಿಡಿಯುವುದು ಆ ಕೆಲಸದಲ್ಲಿ ಬರುವುದು ಕಡಿಮೆ. ನೃತ್ಯದ ಅಭ್ಯಾಸ ಕೊಡುವುದು ಅದನ್ನೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು, 65 ದಾಟಿದವರಿಗೆ ಅದರ ಜೊತೆ ವಾರದಲ್ಲಿ ಕನಿಷ್ಠ ಮೂರು ದಿನ ಸಮತೋಲ ಮತ್ತು ಬಲ ಕೊಡುವ ಅಭ್ಯಾಸ ಬೇಕು. ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವುದೇ ಇದರ ದೊಡ್ಡ ಗುರಿ. 2003ರಲ್ಲಿ ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಓದು, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದವರಿಗೆ ಮರೆಗುಳಿತನ ಕಡಿಮೆ ಕಂಡಿತು. ನೃತ್ಯದಿಂದಲೇ ಹಾಗಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ, ಆರೋಗ್ಯವಂತರೇ ಹೆಚ್ಚು ಕುಣಿದಿರಬಹುದು. ಆದರೂ ಪ್ರಯತ್ನಿಸಲು ಇಷ್ಟು ಸುಳಿವು ಸಾಕು. 2001ರಿಂದ ಅದೇ ನಗರದ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡದವರು ಪಾರ್ಕಿನ್ಸನ್ ಕಾಯಿಲೆಯವರಿಗಾಗಿ ನೃತ್ಯ ತರಗತಿ ನಡೆಸುತ್ತಿದ್ದಾರೆ.

ವಯಸ್ಸಿನ ಮಾತಿಗೆ ಹತ್ತಿರದ ತಾಲ್ಲೂಕಿನದೇ ಉತ್ತರವಿದೆ. ಕೆ. ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರಿನ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಕುಟುಂಬದಲ್ಲಿ. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಬಳಿ ಕಲಿತು ಅರಮನೆಯ ಆಸ್ಥಾನ ವಿದುಷಿಯಾದರು. ಅರವತ್ತರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಭರತನಾಟ್ಯ ವಿಭಾಗದ ಹೊಣೆ ಹೊತ್ತರು. 1992ರಲ್ಲಿ ಪದ್ಮಭೂಷಣ. ಕೂತಲ್ಲೇ ಕಣ್ಣು, ಹುಬ್ಬು, ಕೈಗಳಿಂದ ಒಂದೇ ಸಾಲಿಗೆ ಹಲವು ಅರ್ಥ ಹೊರಡಿಸುವ ಅವರ ಅಭಿನಯಕ್ಕೆ ಮುಪ್ಪು ಅಡ್ಡ ಬರಲಿಲ್ಲ. ಬ್ಯಾಲೆಯಲ್ಲಿ ಎಳೆಯ ಮೈಗೇ ಬೆಲೆ ಎನ್ನುವುದು ಬಹಳ ಮಟ್ಟಿಗೆ ನಿಜ. ಆದರೂ ಮಾರ್ಗೊ ಫಾಂಟೇನ್ 1962ರಲ್ಲಿ ನೂರೆಯೆವ್ ಜೊತೆ ಮೊದಲ ಸಲ ಕುಣಿದಾಗ ಆಕೆಗೆ 42 ವರ್ಷ, ಆತನಿಗೆ 23.

ಮನೆಯಲ್ಲಿ ಮಾಡಲು ಇಷ್ಟು ಸಾಕು: ಅಡುಗೆಮನೆಯ ಕಟ್ಟೆ ಹಿಡಿದು ನಿಲ್ಲಿ, ಬೆನ್ನು ನೆಟ್ಟಗಿರಲಿ. ನಿಧಾನವಾಗಿ ಹಿಮ್ಮಡಿ ಎತ್ತಿ, ಅದಕ್ಕಿಂತ ನಿಧಾನವಾಗಿ ಇಳಿಸಿ. ತೊಡೆಯ ಸಂದಿನಿಂದ ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ನೋವಾಗದಷ್ಟೇ ಮಂಡಿ ಬಾಗಿಸಿ ಏಳಿ. ಕಟ್ಟೆಯ ಮೇಲೆ ಒಂದು ಕೈ ಇಟ್ಟು ಒಂಟಿ ಕಾಲಿನಲ್ಲಿ ನಿಲ್ಲಿ. ನೆಲ ಒಣಗಿರಲಿ, ಹಿರಿಯರ ಪಕ್ಕ ಯಾರಾದರೂ ಇರಲಿ. ತಲೆಸುತ್ತು, ಹೃದಯದ ತೊಂದರೆ, ಮಂಡಿಯಲ್ಲಿ ಊತ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಕೋಲಾಟದ ಗುಂಪಿದ್ದರೆ ಇನ್ನೂ ಒಳ್ಳೆಯದು. ತಾಳ, ದಿಕ್ಕು, ನೆನಪು, ಎದುರಿಗಿರುವವರ ಕೋಲು ಎಲ್ಲದರ ಮೇಲೂ ಒಟ್ಟಿಗೆ ಗಮನ ಇಡಬೇಕಾಗುತ್ತದೆ.

ಮಾದಿಹಳ್ಳಿ ಹೋಬಳಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದಾಗ ಇಸವಿ ಬರೆಸಿ ಬಸ್ಸು ಹತ್ತಿಸಬೇಡಿ. ಒಂದು ತರಗತಿಗೆ ಹಂಚಲು ಸಾಲುವಷ್ಟು ಮದನಿಕೆಯರು ಅಲ್ಲಿದ್ದಾರೆ. ಮಗುವಿಗೊಬ್ಬಳಂತೆ ಹಂಚಿ, ಭಾರ ಯಾವ ಕಾಲಿನ ಮೇಲಿದೆ ನೋಡಿ ಹೇಳು ಎನ್ನಿ, ಹೊರಗಿನ ಬಯಲಿಗೆ ಬಂದ ಮೇಲೆ ಹಾಗೇ ನಿಂತು ತೋರಿಸು ಎನ್ನಿ. ಗಂಡುಮಕ್ಕಳನ್ನೂ ನಿಲ್ಲಿಸಿ, ನೀವೂ ನಿಲ್ಲಿ.