ಮಳೆ ಅಳೆಯುವ ಯಂತ್ರಕ್ಕೆ ಕಾವಲು ಯಾರು?

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಇಂದು ಕೊಳೆರೋಗದಷ್ಟೇ ಆತಂಕ ತರುವ ಇನ್ನೊಂದು ಸಂಗತಿಯಿದೆ: ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಳೆಮಾಪನ ಯಂತ್ರ. 2016ರಲ್ಲಿ ಪುನರ್‌ರೂಪಿಸಲಾದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ತೋಟದ ಸ್ಥಿತಿಯಲ್ಲ, ಯಂತ್ರ ದಾಖಲಿಸಿದ ಅಂಕಿ. ಬೆಳೆಗಾರ ವಿಮಾ ಮೊತ್ತದ ಗರಿಷ್ಠ ಶೇ 5ರಷ್ಟನ್ನು ಕಂತಾಗಿ ಕಟ್ಟುತ್ತಾನೆ. ಅತಿವೃಷ್ಟಿಯು ನಿಗದಿತ ಮಿತಿ ದಾಟಿತೆಂದು ಯಂತ್ರ ಸಾಕ್ಷ್ಯ ನುಡಿದರಷ್ಟೇ ಅವನಿಗೆ ಹಣ.

ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ನಾನು ಸೇವೆಗೆ ಸೇರಿದ ಕಾಲದಲ್ಲಿ ತಾಲ್ಲೂಕು ಕಚೇರಿಯ ಅಂಗಳದ ಮಾಪಕವನ್ನು ದಿನಕ್ಕೊಮ್ಮೆ, ಬೆಳಿಗ್ಗೆ 8.30ಕ್ಕೆ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. (ಜವಾನ ರಜೆ ಹಾಕಿದ ದಿನ ಮಳೆಯೂ ರಜೆ ಹಾಕುತ್ತಿತ್ತು!) 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸುಮಾರು 6,500 ಸ್ವಯಂಚಾಲಿತ ಮಾಪಕಗಳನ್ನು ಸ್ಥಾಪಿಸಿ, 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಮಳೆ ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿದು ನಿಲ್ಲುವ ಪ್ರವೃತ್ತಿ ಹೆಚ್ಚುತ್ತಿರುವಾಗ ಇಂತಹ ದಟ್ಟ ಜಾಲ ಅನಿವಾರ್ಯವೂ ಹೌದು.

ಆದರೆ ಯಂತ್ರವೆಂದರೆ ಏನು? ಒಂದು ಆಲಿಕೆ, ನೀರು ತುಂಬಿದಂತೆ ಮಗುಚುವ ಪುಟ್ಟ ಬಟ್ಟಲು, ಸೌರಫಲಕ, ಬ್ಯಾಟರಿ, ಒಂದು ಸಿಮ್. ತರಗೆಲೆಯೊಂದು ಆಲಿಕೆಗೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಘಟ್ಟದಲ್ಲಿ ಬ್ಯಾಟರಿ ಸೊರಗುವುದು ಮಳೆ ಅಬ್ಬರಿಸುವ ದಿನಗಳಲ್ಲೇ. ಯಂತ್ರ ಕೈಕೊಟ್ಟರೆ ನೆರೆಯ ಕೇಂದ್ರದ ಅಂಕಿಯನ್ನು ಬಳಸಲು ನಿಯಮದಲ್ಲಿ ಅವಕಾಶವಿದೆ. ಬಯಲುಸೀಮೆಯಲ್ಲಿ ಇದನ್ನು ಹೇಗೋ ಒಪ್ಪಬಹುದು. ಒಂದು ಗುಡ್ಡದ ಆಚೆ-ಈಚೆ ಮಳೆಯ ಪ್ರಮಾಣವೇ ಬೇರೆಯಾಗುವ ಮಲೆನಾಡಿನಲ್ಲಿ ಇದು ಅನ್ಯಾಯಕ್ಕೆ ದಾರಿ.

ನಮ್ಮ ಆಯವ್ಯಯದ ಹಳೆಯ ರೋಗವೇ ಇಲ್ಲಿಯೂ ಇದೆ. ಯಂತ್ರ ಖರೀದಿ ಬಂಡವಾಳ ವೆಚ್ಚ, ಅದಕ್ಕೆ ಉದ್ಘಾಟನೆಯ ಭಾಗ್ಯವಿದೆ. ಅದನ್ನು ಒರೆಸಿ, ರಿಪೇರಿ ಮಾಡಿಸುವುದು ರಾಜಸ್ವ ವೆಚ್ಚ. ಮಿತವ್ಯಯದ ಕತ್ತರಿ ಮೊದಲು ಬೀಳುವುದು ಅದರ ಮೇಲೆ. ವಿಮಾ ಕಂತಿಗೆ ಸರ್ಕಾರಗಳು ಕೊಡುವ ಸಹಾಯಧನದ ಅಲ್ಪಭಾಗವನ್ನು ನಿರ್ವಹಣೆಗೆಂದೇ ಮೀಸಲಿಡಬಾರದೇಕೆ?

ಇನ್ನೊಂದು ಕೆಲಸಕ್ಕೆ ಹೆಚ್ಚು ಹಣವೂ ಬೇಕಿಲ್ಲ. ಪಂಚಾಯಿತಿ ಕಚೇರಿಯ ಫಲಕದ ಮೇಲೆ ಹಿಂದಿನ ದಿನದ ಮಳೆಯ ಅಂಕಿಯನ್ನು ನಿತ್ಯ ಬರೆಯಲಿ. ಯಂತ್ರದ ಪಕ್ಕದಲ್ಲಿ ಹಳೆಯ ಬಗೆಯ ಕೈಮಾಪಕವೂ ಒಂದಿರಲಿ. ಎರಡರ ನಡುವೆ ವ್ಯತ್ಯಾಸ ಕಂಡರೆ ತಕರಾರು ಅಂದೇ ದಾಖಲಾಗುತ್ತದೆ, ಪರಿಹಾರ ಕೈತಪ್ಪಿದ ಎಷ್ಟೋ ತಿಂಗಳ ಮೇಲೆ ಅಲ್ಲ. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲೇ, ಬೆಳೆಗಾರರ ಸಮ್ಮುಖದಲ್ಲಿ ಪ್ರತಿ ಯಂತ್ರವನ್ನೂ ಪರೀಕ್ಷಿಸಿ ಮಹಜರು ಬರೆಯುವಂತೆ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸಬೇಕು.